ಆಡವ್ವನ ದನಿ

ಐಗಳಿ, ಅಥಣಿ ತಾಲೂಕು
14 ಜೂನ್ 2023

ನನ್ನ ಮರಿಗೆ,

ಮಲಕವ್ವಕ್ಕನ ಆಶೀರ್ವಾದ. ಆಪರೇಷನ್ ಮುಗಿಸಿಕೊಂಡು ಮಿರಜಿನಿಂದ ಊರಿಗೆ ಬಂದಿದ್ದೇನೆ. ಆಸ್ಪತ್ರೆಯಲ್ಲಿ ತಮ್ಮ ಕಾಡಸಿದ್ದನೇ ಜೊತೆಗಿದ್ದ. ಕುರಿ, ಆಡು ಎಲ್ಲವನ್ನೂ ಅಳಿಯನ ಕೈಗೆ ಕೊಟ್ಟು ಬಂದು, ವಾರ್ಡಿನ ಹೊರಗೆ ಕಂಬಳಿ ಹಾಸಿಕೊಂಡು ಮಲಗಿದ. ನೀನು ಬಹಳ ಸಲ ಫೋನ್ ಮಾಡಿದೆಯಂತೆ. ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಮಾತಾಡಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಫೋನಿನಲ್ಲಿ ಅಕ್ಷರ ಒತ್ತುವುದು ನನ್ನ ಕೈಲಾಗುವ ಕೆಲಸವಲ್ಲ. ಒಂದು ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದದ್ದೇ ಮರೆತಿರುತ್ತದೆ. ಟಿ.ವಿ.ಗೆ ಬರುವ ಮುಂಚೆ ಅಂಗನವಾಡಿಯ ಕರಿಹಲಗೆಯ ಮೇಲೆ ಬರೆದು ಪಳಗಿದ ಕೈ ಇದು. ಅದಕ್ಕೇ ಕಾಗದ.

ಗಂಟಲಲ್ಲಿದ್ದ ಗಂಟು ತೆಗೆದರು. ಇನ್ನು ವಿಶ್ರಾಂತಿ ಬೇಕು, ಅಷ್ಟೇ. ದೀಪಾವಳಿಯ ಹೊತ್ತಿಗೆ ಹೈದರಾಬಾದಿನ ಸ್ಟುಡಿಯೋಗೆ ಬಂದುಬಿಡುತ್ತೇನೆ ಎಂದು ನಮ್ಮ ಡೈರೆಕ್ಟರು ಮಹಾವೀರ ಸರ್ ಅವರಿಗೆ ಹೇಳು. ಧೂಳು ಹೋಗಬಾರದೆಂದು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತೇನೆ. ನಮ್ಮ ಓಣಿಯ ಹುಡುಗರು ಮೊದಲಿನ ಹಾಗೆ ಹತ್ತಿರ ಬರುವುದಿಲ್ಲ. ಬಾಗಿಲಲ್ಲೇ ನಿಂತು ಬಟ್ಟೆ ನೋಡುತ್ತಾರೆ. ನಿನ್ನ ಕೈಯ ಆಡಿನ ಗೊಂಬೆ ಎಲ್ಲಿ, ಆಡವ್ವ ಎಲ್ಲಿ ಎಂದು ಕೇಳುತ್ತಾರೆ.

ನಿನ್ನ ಹತ್ತಿರ ಕೇಳುವುದು ಒಂದೇ ಮಾತು. ನಾನು ಬರುವವರೆಗೆ ಆಡವ್ವನನ್ನು ಯಾರ ಕೈಗೂ ಕೊಡಬೇಡಿ. ಬೇರೆಯವರ ಕೈ ಹೊಕ್ಕರೆ ಗೊಂಬೆಯ ಬಾಯಿ ಅವರ ಬೆರಳಿಗೆ ಒಗ್ಗಿಬಿಡುತ್ತದೆ. ಗಡ್ಡದ ಕೂದಲು ಬಾಚಿ, ಕಪಾಟಿನಲ್ಲಿ ಕೂಡಿಸಿ ಇಡು. ನಿನ್ನ ಮರಿಗೊಂಬೆಯನ್ನು ಪಕ್ಕಕ್ಕೆ ಕೂಡಿಸು. ಗೊಂಬೆಯಾಟದ ಹಲಗೆಯ ಕೆಳಗೆ ನಾವಿಬ್ಬರೂ ಕೈ ಮೇಲೆತ್ತಿಕೊಂಡು, ಒಬ್ಬರ ಬೆವರು ಒಬ್ಬರಿಗೆ ತಾಗುತ್ತ ಎಷ್ಟು ವರ್ಷ ಕೂತಿದ್ದೇವೆ. ಈಗ ಇಲ್ಲಿ ಹಾಸಿಗೆಯಲ್ಲಿ ಮಲಗಿದಾಗಲೂ ಬಲಗೈ ತಾನಾಗಿ ಮೇಲೇಳುತ್ತದೆ.

ನಿನ್ನ,
ಮಲಕವ್ವಕ್ಕ

ಹೈದರಾಬಾದ
29 ಜೂನ್ 2023

ಅಕ್ಕಾ,

ಈ ಕಾಗದವನ್ನು ನಿಮಗೆ ಕಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆದು ನೋಡುತ್ತೇನೆ.

ನಿಮ್ಮ ಕಾಗದ ಬಂದ ದಿನವೇ ಕಾಡಸಿದ್ದಣ್ಣನಿಗೆ ಫೋನ್ ಮಾಡಿದೆ. ಅಣ್ಣ ಮೊದಲು ಹೇಳಲೇ ಇಲ್ಲ. ಬಿಡದೆ ಕೇಳಿದ್ದಕ್ಕೆ, "ದನಿಪೆಟಗೀನ ತಗದಾರವ್ವಾ. ಇನ್ನ ಅಕ್ಕನ ಬಾಯಿಂದ ಮಾತ ಬರೂದಿಲ್ಲ. ನಿನಗ ಹೇಳಬ್ಯಾಡ ಅಂತ ಕೈ ಹಿಡದಾಳ," ಎಂದು ಅತ್ತುಬಿಟ್ಟ. ಕೊರಳಿನ ತೂತಿನಿಂದಲೇ ನೀವು ಉಸಿರಾಡುತ್ತೀರಂತೆ. ದೀಪಾವಳಿಗೆ ಬರುತ್ತೇನೆ ಎಂದು ಬರೆದಿದ್ದೀರಿ. ನನಗೆ ಬರೆದಿರೋ, ನಿಮಗೆ ನೀವೇ ಬರೆದುಕೊಂಡಿರೋ?

ಇಲ್ಲಿಯ ಸುದ್ದಿಯೂ ಒಳ್ಳೆಯದಲ್ಲ. ಹೊರಡುವ ಮುಂಚೆ ಹೊಸ ಹಾಡುಗಳನ್ನು ಹಾಡಿಟ್ಟು ಹೋದಿರಲ್ಲ, ಅವು ಬಳಸಲು ಬರುವಂತಿಲ್ಲವಂತೆ, ದನಿ ಒಡೆದಿದೆಯಂತೆ. 'ಹಾಡಿನ ಕೊಟ್ಟಿಗೆ' ಕಾರ್ಯಕ್ರಮವನ್ನು ಒಂದು ದಿನವೂ ನಿಲ್ಲಿಸುವಂತಿಲ್ಲ ಎಂದು ಚಾನೆಲ್ಲಿನವರು ಮಹಾವೀರ ಸರ್ ಅವರಿಗೆ ಹೇಳಿದ್ದಾರೆ. ಯಾವುದೋ ಹೊಸ ಹುಡುಗಿಯನ್ನು ಕರೆಸಿದರು. ಅವಳು ಆಡವ್ವನ ಬಾಯಿ ತೆರೆದು ಮಾತಾಡತೊಡಗಿದಳು. ಅವಳ ಕೈಯಿಂದ ಗೊಂಬೆ ಕಿತ್ತುಕೊಂಡು, ನಿಮ್ಮ ದನಿಯಲ್ಲೇ ಒಂದು ಸಾಲು ಹಾಡಿ ತೋರಿಸಿದೆ. ಅದು ತಪ್ಪಾಯಿತು. ಎಲ್ಲರೂ ನನ್ನತ್ತ ತಿರುಗಿದರು. "ಬರೋಬರಿ ಮಲಕವ್ವನ ಆಗಿಬಿಟ್ಟಿ ನೋಡವಾ," ಎಂದರು ಸರ್. ಈಗ ಎಡಗೈಯಲ್ಲಿ ಮರಿ, ಬಲಗೈಯಲ್ಲಿ ಆಡವ್ವ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಪಕ್ಕದಲ್ಲಿ ನೀವು ಕೂರುತ್ತಿದ್ದ ಮಣೆ ಖಾಲಿ.

ಇಲ್ಲ, ಇದನ್ನು ಕಳಿಸಲಾರೆ. ಬೇರೆ ಬರೆಯುತ್ತೇನೆ.

ಹೈದರಾಬಾದ
2 ಜುಲೈ 2023

ಪ್ರೀತಿಯ ಅಕ್ಕನಿಗೆ,

ನಿಮ್ಮ ಮರಿಯ ನಮಸ್ಕಾರ. ಕಾಗದ ಓದಿ ಜೀವ ಬಂದಂತಾಯಿತು. ಡಾಕ್ಟರು ಹೇಳಿದ ಹಾಗೆ ಮಾತಾಡದೆ ಇರಿ. ಇಲ್ಲಿಯ ಚಿಂತೆ ಬೇಡ. ಆಡವ್ವನ ಗಡ್ಡ ಬಾಚಿದ್ದೇನೆ. ಆಕೆ ಚೆನ್ನಾಗಿದ್ದಾಳೆ, ನಾನು ನೋಡಿಕೊಳ್ಳುತ್ತಿದ್ದೇನೆ. ಸದ್ಯ ಹಳೆಯ ಕಂತುಗಳನ್ನೇ ಮತ್ತೆ ತೋರಿಸುತ್ತಿದ್ದಾರೆ.

ಅಕ್ಕೋಳದಿಂದ ನಮ್ಮಣ್ಣ ಬೆಲ್ಲ ಕಳಿಸಿದ್ದಾನೆ. ಅದನ್ನು ನೋಡಿದಾಗೆಲ್ಲ ನಿಮ್ಮ ಕೈಯ ಸಜ್ಜಿ ರೊಟ್ಟಿ ನೆನಪಾಗುತ್ತದೆ. ಬೇಗ ಗುಣವಾಗಿ. ಮಹಾವೀರ ಸರ್ ನಿಮ್ಮ ಆರೋಗ್ಯ ವಿಚಾರಿಸಿದ್ದಾರೆ.

ನಿಮ್ಮ,
ಉಜ್ವಲಾ

ಐಗಳಿ
10 ಸೆಪ್ಟೆಂಬರ್ 2023

ನನ್ನ ಬಂಗಾರದ ಮರಿಗೆ,

ಇವತ್ತು ಈ ಕಾಗದವನ್ನು ಸಂತೋಷದಿಂದ ಬರೆಯುತ್ತಿದ್ದೇನೆ.

ಹಳೆಯ ಕಂತುಗಳನ್ನು ನೋಡಿ ಏನು ಮಾಡುವುದೆಂದು ಇಷ್ಟು ದಿನ ನಾನು ಟಿ.ವಿ. ಹಚ್ಚಿರಲಿಲ್ಲ. ನಿನ್ನೆ ಸಂಜೆ ಕಾಡಸಿದ್ದನ ಹೆಂಡತಿ ಸುಂದರಾ ಓಡಿ ಬಂದು, "ಅಕ್ಕಾರ, ಬರ್ರಿ ಲಗೂನ, ನಿಮ್ಮ ಆಡವ್ವ ಹೊಸಾ ಹಾಡ ಹಾಡಾಕತ್ತಾಳ್ರಿ!" ಎಂದು ನನ್ನನ್ನು ಎಳೆದುಕೊಂಡು ಹೋದಳು. ಹೋಗಿ ನೋಡಿದರೆ ನಿಜ. ನನ್ನ ಅವ್ವ ಕುರಿ ಕಾಯುತ್ತ ನನಗೆ ಕಲಿಸಿದ ಹಾಡು.

ಆಡವ್ವ ಆಡವ್ವ ಎಲ್ಲಿಗ್ಹೊಂಟಿ?
ಹಳ್ಳದ ದಂಡಿಗೆ ಮೇಯಾಕ.
ಮರಿಗಿ ಬರುವಾಗ ಏನ್ ತರತಿ?
ಕಿವ್ಯಾಗ ಹೂವ ಇಟಗೊಂಬರತೀನಿ.

ಊರಿಗೆ ಹೊರಡುವ ಮುಂಚೆ ಹಾಡಿಟ್ಟು ಬಂದಿದ್ದೆನಲ್ಲ, ಅದನ್ನೇ ಹಾಕಿದ್ದಾರೆ. ಆಗ ಗಂಟಲು ಉರಿಯುತ್ತಿತ್ತು, ಸರಿಯಾಗಿ ಬಂದಿಲ್ಲವೆಂದು ಒಳಗೇ ನೊಂದುಕೊಂಡಿದ್ದೆ. ಕೇಳಿದರೆ ಎಷ್ಟು ಸ್ವಚ್ಛವಾಗಿದೆ! ಯಂತ್ರದಲ್ಲಿ ತೊಳೆದಿರಬೇಕು. ಹಲಗೆಯ ಕೆಳಗೆ ಕೂತವರಿಗೆ ತಮ್ಮ ದನಿ ಹೊರಗೆ ಹೇಗೆ ಕೇಳುತ್ತದೆಂದು ಎಲ್ಲಿ ಗೊತ್ತಿರುತ್ತದೆ? ನಿನ್ನೆ ಗೊತ್ತಾಯಿತು. ಓಣಿಯ ಹುಡುಗರನ್ನೆಲ್ಲ ಕೈಸನ್ನೆ ಮಾಡಿ ಕರೆದೆ. ಎದೆ ಮುಟ್ಟಿಕೊಂಡು ಟಿ.ವಿ. ತೋರಿಸಿದೆ, ಇದು ನಾನು, ಇದು ನಾನು ಎಂದು.

ಈಗ ನಿನಗೊಂದು ಮಾತು ಹೇಳುತ್ತೇನೆ. ನಿನ್ನೆಯ ತನಕ ಹೇಳುವ ಧೈರ್ಯವಿರಲಿಲ್ಲ. ಗಂಟಿನ ಜೊತೆ ದನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಅದು ಮತ್ತೆ ಬರುವುದಿಲ್ಲ. ಹೈದರಾಬಾದಿಗೆ ನಾನೂ ಬರುವುದಿಲ್ಲ. ಹೇಳಿದರೆ ನೀನು ಅಳುತ್ತೀ, ಅವರು ಆಡವ್ವನನ್ನು ಬೇರೆಯವರಿಗೆ ಕೊಡುತ್ತಾರೆ ಎಂದು ಹೆದರಿದ್ದೆ. ಈಗ ಹೆದರಿಕೆ ಇಲ್ಲ. ನನ್ನಲ್ಲಿಂದ ಹೋದದ್ದು ಅಲ್ಲಿ ಉಳಿದಿದೆ. ಬಾವಿಗೆ ಬಿದ್ದ ಕೊಡ ಮೇಲೆ ಬಂದಷ್ಟು ಸಮಾಧಾನ.

ಕಾಡಸಿದ್ದನ ಮಗನಿಗೆ ಹೆಣ್ಣು ಮಗುವಾಗಿದೆ. ಗಂಗಾ ಎಂದು ಹೆಸರಿಟ್ಟಿದ್ದಾರೆ. ನಾನು ಎತ್ತಿಕೊಂಡರೆ ನನ್ನ ಬಾಯಿಯನ್ನೇ ನೋಡುತ್ತದೆ. ಅದು ನನ್ನ ದನಿ ಕೇಳಿಯೇ ಇಲ್ಲ. ಆ ಹಾಡಿನ ಒಂದು ಪ್ರತಿ ಕಳಿಸಿಕೊಡು. ನಾನು ತೊಟ್ಟಿಲು ತೂಗುತ್ತೇನೆ, ಹಾಡು ತಾನೇ ಹಾಡಿಕೊಳ್ಳಲಿ.

ನಿನ್ನ,
ಮಲಕವ್ವಕ್ಕ

ಹೈದರಾಬಾದ
19 ಅಕ್ಟೋಬರ್ 2023

ಅಕ್ಕಾ,

ಉತ್ತರ ತಡವಾಯಿತು. ಬಹಳ ಸಲ ಬರೆಯಲು ಕೂತು ಎದ್ದೆ.

ದನಿಪೆಟ್ಟಿಗೆಯ ಮಾತು ಓದಿದೆ. ನೀವು ಸಮಾಧಾನವಾಗಿದ್ದೀರಲ್ಲ, ಅದೇ ನನಗೆ ದೊಡ್ಡದು.

ನೀವು ಕೇಳಿದ ಹಾಡು ಈ ಪೆನ್‌ಡ್ರೈವಿನಲ್ಲಿದೆ. ಕಾಡಸಿದ್ದಣ್ಣನ ಸ್ಪೀಕರಿಗೆ ಚುಚ್ಚಿದರೆ ಸಾಕು. ಮಗುವಿಗೆ ನನ್ನ ಮುತ್ತು.

ಉಜ್ವಲಾ

ಐಗಳಿ
12 ನವೆಂಬರ್ 2023

ಉಜ್ವಲಾಗೆ,

ಇವತ್ತು ದೀಪಾವಳಿ. ಸುಂದರಾ ಹಬ್ಬದ ಪೂಜೆಗೆ ಅಂಗಳದಲ್ಲಿ ಸೆಗಣಿಯಿಂದ ಪಾಂಡವರ ಮೂರ್ತಿ ಮಾಡಿ ಇಡುತ್ತಿದ್ದಾಳೆ. ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ಪೆನ್‌ಡ್ರೈವು ತಲುಪಿ ಬಹಳ ದಿನವಾಯಿತು. ದಿನಾ ಹಚ್ಚುತ್ತಿದ್ದೆ. ಮಗು ನಿದ್ದೆ ಹೋಗುತ್ತಿತ್ತು. ಓಣಿಯ ಹೆಂಗಸರು ಬಂದು ಕೇಳಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಮೊನ್ನೆ ಮಧ್ಯಾಹ್ನ ತೊಟ್ಟಿಲನ್ನು ಹಿತ್ತಲ ಬೇವಿನ ಮರದ ಕೆಳಗೆ ಕಟ್ಟಿದ್ದೆವು. ಅಲ್ಲಿಂದ ಕುರಿ ಕೂಡುವ ದಡ್ಡಿ ಹತ್ತಿರ. ಹಿಂದಿನ ದಿನವಷ್ಟೇ ಒಂದು ಆಡಿನ ಮರಿ ಹೊಟ್ಟೆ ಉಬ್ಬರಿಸಿ ಸತ್ತಿತ್ತು. ತಾಯಿ ಮೇವು ಮುಟ್ಟದೆ ನಿಂತಿತ್ತು. ನಾನು ಹಾಡು ಹಚ್ಚಿದೆ. ಹಾಡು ಮುಗಿದ ಮೇಲೆ ಕೊನೆಗೆ ಆಡವ್ವ ಒಮ್ಮೆ ಕೂಗುತ್ತಾಳಲ್ಲ, ಆ ಕೂಗು ಬಂತು. ಅಷ್ಟೇ ತಡ, ಆ ಆಡು ಮುಳ್ಳುಬೇಲಿ ಹಾರಿ ಓಡಿಬಂತು. ಸ್ಪೀಕರಿನ ಸುತ್ತ ಸುತ್ತಿತು, ಮೂಸಿತು, ನೆಕ್ಕಿತು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಮರಿ ಕಾಣದೆ ನನ್ನ ಕಡೆ ತಿರುಗಿ ಒದರತೊಡಗಿತು. ಮೈತುಂಬ ಮುಳ್ಳು ಗೀರಿ ರಕ್ತ.

ಕಾಡಸಿದ್ದ ಓಡಿ ಬಂದು ಹಿಡಿದುಕೊಂಡ. ಇನ್ನೊಮ್ಮೆ ಕೇಳಿ, "ಅಕ್ಕಾ, ಇದು ತಾಯಿ ಕೂಗಲ್ಲಬೇ. ಮರಿ ಕೂಗ ಇದು. ಅದಕ್ಕ ಬಂದೈತಿ," ಎಂದ. ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ತಾಯಾಡಿನ ಕೂಗು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಅದು ಹೊಟ್ಟೆಯಿಂದ ಬರುತ್ತದೆ, ದಪ್ಪಗಿರುತ್ತದೆ, ನಡುವೆ ಒಡೆಯುತ್ತದೆ. ಮರಿಯ ಕೂಗು ಮೂಗಿನಲ್ಲಿರುತ್ತದೆ, ಎಳೆದು ಎಳೆದು ಬರುತ್ತದೆ. ಹಾಡನ್ನೆಲ್ಲ ನೀನು ನನ್ನ ಹಾಗೆ ಹಾಡಿದೆ, ಕೂಗುವಾಗ ಮಾತ್ರ ನಿನ್ನ ಹಾಗೆ ಕೂಗಿದೆ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಕೂಗಿದ ಕೂಗು ಅದು. ಆಮೇಲೆ ಮತ್ತೆ ಮೊದಲಿನಿಂದ ಕೇಳಿದೆ. ಪ್ರತಿ ಸಾಲಿನಲ್ಲೂ ನೀನೇ ಸಿಕ್ಕೆ.

ನನಗೆ ಯಾವುದಕ್ಕೆ ಹೆಚ್ಚು ದುಃಖವೆಂದು ಹೇಳಲೇ? ನೀನು ಹಾಡಿದ್ದಕ್ಕಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಒಂದೊಂದನ್ನೂ ಬರೆದು ಕಳಿಸುತ್ತಿದ್ದೆ. ನನ್ನ ದನಿ ಹೇಗಿತ್ತೆಂದು ನನಗೇ ನೆನಪಿಲ್ಲ, ಉಜ್ವಲಾ. ಅದಕ್ಕೇ ದುಃಖ. ನಿನ್ನದನ್ನು ನನ್ನದೆಂದು ನಂಬಿ ಇಷ್ಟು ದಿನ ಬದುಕಿದೆ. ಈಗ ನೆನಪು ಮಾಡಿಕೊಳ್ಳಲು ಹೋದರೆ ಒಳಗೆ ನೀನೇ ಕೇಳಿಸುತ್ತೀ. ನನ್ನದು ಎರಡನೇ ಸಲ ಹೋಯಿತು.

ಓಣಿಯವರಿಗೆ ನಾನು ಏನೂ ಹೇಳಿಲ್ಲ. ಹೇಳಲು ಬಾಯಿಯೂ ಇಲ್ಲ. ಕಾಡಸಿದ್ದನೂ ಸುಮ್ಮನಿದ್ದಾನೆ. ಆಡವ್ವನಿಂದ ನನ್ನ ದನಿಯನ್ನು ತೆಗೆದುಬಿಡು. ಇಷ್ಟು ಮಾಡು.

ಮಲಕವ್ವ

ಐಗಳಿ
21 ಜನವರಿ 2024

ಉಜ್ವಲಾ ಅವರಿಗೆ,

ನೀವು ಉತ್ತರ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ. ನಿಮ್ಮ ಉತ್ತರ ದಿನಾ ಸಂಜೆ ಐದಕ್ಕೆ ಟಿ.ವಿ.ಯಲ್ಲಿ ಬರುತ್ತಿದೆ. ಓಣಿಯ ಮಕ್ಕಳೆಲ್ಲ ಕೂತು ಕೇಳುತ್ತಾರೆ. ನಾನೂ ಕೇಳುತ್ತೇನೆ. ಈಗ ಕೂಗನ್ನೂ ಸರಿಪಡಿಸಿಕೊಂಡಿದ್ದೀರಿ. ಹೊಟ್ಟೆಯಿಂದ ಬರುತ್ತಿದೆ, ನಡುವೆ ಒಡೆಯುತ್ತಿದೆ. ನಾನು ಬರೆದದ್ದು ವ್ಯರ್ಥವಾಗಲಿಲ್ಲ.

ಪೆನ್‌ಡ್ರೈವು ವಾಪಸ್ ಕಳಿಸಿದ್ದೇನೆ.

ಮಲಕವ್ವ

ಹೈದರಾಬಾದ
24 ಮಾರ್ಚ್ 2024

ಅಕ್ಕಾ,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ. ಬೇರೆ ಹೆಸರಿನಿಂದ ನಿಮ್ಮನ್ನು ಕರೆಯಲು ನನಗೆ ಬರುವುದಿಲ್ಲ.

ನಿಮ್ಮ ದೀಪಾವಳಿಯ ಕಾಗದ ಓದಿದ ಮರುದಿನವೇ ಮಹಾವೀರ ಸರ್ ಹತ್ತಿರ ಹೋಗಿದ್ದೆ. ಆಡವ್ವನ ದನಿ ನಾನು ಮಾಡುವುದಿಲ್ಲ ಎಂದೆ. "ನೀ ಬಿಟ್ಟರ ಇನ್ನೊಬ್ಬಾಕಿ ಬರತಾಳ. ಮಲಕವ್ವನ ದನೀನ ಬೇಕಂತಾರ ಮ್ಯಾಲಿನವರು. ಯಾರ ಕೈಯಾಗ ಇರಲಿ ಅಂತಿ, ಹೇಳು," ಎಂದರು. ಬೇರೆ ಯಾರದೋ ಕೈಯಲ್ಲಿ ಆಡವ್ವನನ್ನು ನೋಡುವ ಶಕ್ತಿ ನನಗಿರಲಿಲ್ಲ. ಮುಂದುವರಿಸಿದೆ. ಕೂಗನ್ನು ಸರಿಪಡಿಸಿಕೊಂಡದ್ದು ನಿಜ. ನಿಮ್ಮನ್ನು ಅಣಕಿಸಲೆಂದಲ್ಲ. ಮತ್ತೊಂದು ಆಡು ಹಾಗೆ ಬೇಲಿ ಹಾರಬಾರದು ಎಂದು. ಇದನ್ನು ನೀವು ನಂಬುವುದಿಲ್ಲವೇನೋ.

ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆದರೆ ಇದನ್ನೇ ಬರೆಯಬೇಕಿತ್ತು.

ಈಗ ಒಂದು ಕೋರಿಕೆ. ಏಪ್ರಿಲ್ ಮೊದಲ ಸೋಮವಾರದಿಂದ ಕಾರ್ಯಕ್ರಮ ನೋಡಿ. ನೋಡಿದ ಮೇಲೆ ಬೇಕಾದರೆ ಬಯ್ದು ಬರೆಯಿರಿ.

ಉಜ್ವಲಾ

ಐಗಳಿ
17 ಏಪ್ರಿಲ್ 2024

ನನ್ನ ಮರಿಗೆ,

ಆ ಸೋಮವಾರ ಟಿ.ವಿ. ಹಚ್ಚಬಾರದೆಂದೇ ಕೂತಿದ್ದೆ. ಐದಾಗುತ್ತಲೇ ಹುಡುಗರು ಬಂದು ತಾವೇ ಹಚ್ಚಿದರು. ನಾನು ಬಾಗಿಲ ಕಡೆ ಮುಖ ಮಾಡಿ ಕೂತೆ.

ಮರಿ ಕೇಳಿತು, ಆಡವ್ವ ಆಡವ್ವ ಎಲ್ಲಿಗ್ಹೊಂಟಿ ಎಂದು. ಉತ್ತರ ಬರಲಿಲ್ಲ. ಟಿ.ವಿ. ಕೆಟ್ಟಿತೇನೋ ಎಂದು ತಿರುಗಿ ನೋಡಿದೆ. ಆಡವ್ವನ ಕೊರಳಿಗೆ ಬಿಳಿ ಬಟ್ಟೆ. ಬಾಯಿ ತೆರೆದಳು, ಮುಚ್ಚಿದಳು. ಮುಂಗಾಲಿನಿಂದ ಕೊರಳು ಮುಟ್ಟಿ ತೋರಿಸಿದಳು. ಮರಿ ಸ್ವಲ್ಪ ಹೊತ್ತು ಅವಳನ್ನು ನೋಡಿ, ನಮ್ಮ ಕಡೆ ತಿರುಗಿ, "ನಮ್ಮವ್ವಗ ದನಿ ಹೋಗೈತಿ. ಆಕಿ ಮಾತ ನೀವ ಹೇಳ್ರಿ," ಎಂದಿತು. ಅದು ನಿನ್ನ ಸ್ವಂತ ದನಿ. ಎಷ್ಟು ದಿನಗಳ ಮೇಲೆ ಕೇಳಿದೆ!

ಮರಿ ಮತ್ತೆ ಕೇಳಿತು. ಆಡವ್ವ ಕಾಲೆತ್ತಿ ದೂರ ತೋರಿಸಿದಳು. ಆಗ ನಮ್ಮ ಓಣಿಯ ರಾಜೇಶ್ವರಿ, ಆಪರೇಷನ್ ಆದಾಗಿನಿಂದ ನನ್ನ ಹತ್ತಿರ ಸುಳಿಯದ ಪೋರಿ, ಎದ್ದು ನಿಂತು, "ಹಳ್ಳದ ದಂಡಿಗೆ ಮೇಯಾಕ!" ಎಂದು ಒದರಿದಳು. ಮುಂದಿನ ಸಾಲನ್ನು ಎಲ್ಲರೂ ಒದರಿದರು. ಸುಂದರಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು.

ಮುಗಿದ ಮೇಲೆ ಹುಡುಗರು ಹೋದರು, ರಾಜೇಶ್ವರಿ ಹೋಗಲಿಲ್ಲ. ನನ್ನ ಹತ್ತಿರ ಬಂದು ಕೊರಳ ಬಟ್ಟೆಯನ್ನೇ ನೋಡುತ್ತ, "ಆಯೀ, ಆಡವ್ವಗೂ ನಿನ್ನಂಗ ಆಗೈತೇನ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. "ನೋವ ಆಕ್ಕೈತೇನ?" ಎಂದಳು. ಸ್ವಲ್ಪ ಎಂದು ಬೆರಳಿನಲ್ಲಿ ತೋರಿಸಿದೆ. "ತೂತ ತೋರಸ," ಎಂದಳು. ಬಟ್ಟೆ ಸರಿಸಿ ತೋರಿಸಿದೆ. ನೋಡಿದಳು. ಹೆದರಲಿಲ್ಲ. ತನ್ನ ಅಂಗೈಯನ್ನು ಹತ್ತಿರ ಹಿಡಿದು, ಒಳಗಿಂದ ಬರುವ ಗಾಳಿಗೆ ಕಚಗುಳಿಯಾಗಿ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಮುಂದೆ ಕೂತು ಒಬ್ಬರು ನಕ್ಕದ್ದು ಅದೇ ಮೊದಲು.

ಮರಿ, ನೀನು ಎಷ್ಟು ದೊಡ್ಡ ಕೆಲಸ ಮಾಡಿದೆ! ಚಾನೆಲ್ಲಿನವರನ್ನು ಎದುರು ಹಾಕಿಕೊಂಡು, ನಿನ್ನ ಅನ್ನವನ್ನೇ ಪಣಕ್ಕಿಟ್ಟು ಮಾಡಿರಬೇಕು. ನಾನು ನಿನಗೆ 'ಅವರಿಗೆ' ಎಂದು ಬರೆದೆ. ಅದನ್ನು ಹರಿದುಹಾಕು.

ಈಗ ಕೇಳು. ಆಡವ್ವನನ್ನು ಬಹಳ ದಿನ ಮೂಕಿಯಾಗಿ ಇಡಬೇಡ, ಮಕ್ಕಳಿಗೆ ಬೇಸರವಾಗುತ್ತದೆ. ಮಳೆಗಾಲದ ಹಾಡು ಬರುವ ಹೊತ್ತಿಗೆ ಅವಳಿಗೆ ದನಿ ಕೊಡು. ನನ್ನದು ಬೇಡ, ನಿನ್ನದನ್ನೇ ಕೊಡು, ನಾನು ಒಪ್ಪಿ ಹೇಳುತ್ತಿದ್ದೇನೆ. ಅವ್ವ ಹೇಳುತ್ತಿದ್ದ ಇನ್ನೂ ಕೆಲವು ಹಾಡುಗಳು ನೆನಪಾಗಿವೆ, ಟಿ.ವಿ.ಯಲ್ಲಿ ಬರದೇ ಇದ್ದವು. ಗೀಜುಗದ ಹಾಡೊಂದು, ಕಂಬಳಿಹುಳದ್ದೊಂದು. ಬರೆದು ಕಳಿಸುತ್ತೇನೆ. ಕಂಬಳಿಹುಳಕ್ಕೆ ಹಳೆಯ ಕಾಲುಚೀಲ ಸಾಕು, ಬೆರಳು ಮಡಚಿ ಬಿಚ್ಚಿದರೆ ನಡೆಯುತ್ತದೆ.

ನಿನ್ನ,
ಮಲಕವ್ವಕ್ಕ

ಅಕ್ಕೋಳ, ನಿಪ್ಪಾಣಿ ತಾಲೂಕು
26 ಮೇ 2024

ಅಕ್ಕಾ,

ಮೇಲಿನ ವಿಳಾಸ ನೋಡಿಯೇ ನಿಮಗೆ ಅರ್ಧ ತಿಳಿದಿರುತ್ತದೆ. ನಾನು ಅಣ್ಣನ ಮನೆಗೆ ಬಂದುಬಿಟ್ಟಿದ್ದೇನೆ. 'ಹಾಡಿನ ಕೊಟ್ಟಿಗೆ' ನಿಂತಿತು. ಆ ಹೊತ್ತಿನಲ್ಲಿ ಈಗ ಹೊರಗಿನ ಕಾರ್ಟೂನು ಬರುತ್ತಿದೆ, ನೀವು ನೋಡಿರುತ್ತೀರಿ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ನಾಚಿಕೆಯಾಯಿತು. ಇನ್ನು ನಿಮಗೆ ಸುಳ್ಳು ಬರೆಯುವುದಿಲ್ಲ. ನಾನು ಯಾರನ್ನೂ ಎದುರು ಹಾಕಿಕೊಳ್ಳಲಿಲ್ಲ, ಅಕ್ಕಾ. ಮಾರ್ಚಿನಲ್ಲೇ ಕಾರ್ಯಕ್ರಮ ನಿಲ್ಲಿಸುವ ತೀರ್ಮಾನವಾಗಿತ್ತು. ಒಪ್ಪಂದಕ್ಕಾಗಿ ಕೊನೆಯ ಕೆಲವು ಕಂತು ಮುಗಿಸಬೇಕಿತ್ತು, ಅಷ್ಟೇ. ಆಗ ಮಹಾವೀರ ಸರ್ ಹತ್ತಿರ ಹೋಗಿ, ಆಡವ್ವನಿಗೆ ದನಿ ಬೇಡ, ಕೊರಳಿಗೆ ಬಟ್ಟೆ ಕಟ್ಟುತ್ತೇನೆ ಎಂದೆ. ಅವರು ತಮ್ಮೂರು ಬೋರಗಾಂವಕ್ಕೆ ಫೋನ್ ಹಚ್ಚಿ ಮನೆಯವರ ಜೊತೆ ಸಾಮಾನು ಸಾಗಿಸುವ ಮಾತಾಡುತ್ತಿದ್ದರು. ನನ್ನ ಕಡೆ ನೋಡದೆಯೇ, "ಏನರೆ ಮಾಡ ತಂಗಿ. ಇನ್ನ ಕೇಳಾವರ ಯಾರ ಅದಾರ?" ಎಂದರು. ಮುಚ್ಚುವ ಮನೆಯಲ್ಲಿ ಯಾವ ಗೋಡೆಗೆ ಯಾವ ಬಣ್ಣ ಬಳಿದರೂ ಯಾರೂ ತಡೆಯುವುದಿಲ್ಲ. ಇನ್ನೂ ಬಹಳ ದಿನ ನಡೆಯುವಂತಿದ್ದರೆ ನಾನು ಆ ಮಾತು ಎತ್ತುತ್ತಿದ್ದೆನೋ ಇಲ್ಲವೋ. ಇಲ್ಲವೆಂದೇ ತೋರುತ್ತದೆ.

ಕಡೆಯ ದಿನ ಆಡವ್ವನನ್ನು ಕೊಡಿ ಎಂದು ಕೇಳಿದೆ. ಗೊಂಬೆಗಳು ಚಾನೆಲ್ಲಿನ ಸ್ವತ್ತು ಎಂದರು. ತಾಯಿ, ಮರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಗೋದಾಮಿಗೆ ಕಳಿಸಿದರು. ಮರಿಯನ್ನು ತಾಯಿಯ ಪಕ್ಕಕ್ಕೆ ಒತ್ತರಿಸಿ ಮಲಗಿಸಿದೆ. ಅಷ್ಟು ಮಾತ್ರ ನನ್ನಿಂದಾಯಿತು.

ನಿಮ್ಮ ಗೀಜುಗದ ಹಾಡು, ಕಂಬಳಿಹುಳದ ಹಾಡು ತಲುಪಿವೆ. ಅವನ್ನು ಏನು ಮಾಡಲಿ? ಇಲ್ಲಿ ತಂಬಾಕಿನ ಹೊಲದ ಕೆಲಸಕ್ಕೆ ಅತ್ತಿಗೆಯ ಜೊತೆ ಹೋಗುತ್ತಿದ್ದೇನೆ. ಬಾಯಿ ತೆರೆದರೆ ಕೆಲವೊಮ್ಮೆ ನಿಮ್ಮ ದನಿಯೇ ಬರುತ್ತದೆ. ಅತ್ತಿಗೆ ಬೆಚ್ಚಿ ನೋಡುತ್ತಾಳೆ. ನನ್ನದು ಯಾವುದೆಂದು ನನಗೂ ಒಮ್ಮೊಮ್ಮೆ ತಿಳಿಯುವುದಿಲ್ಲ.

ಉಜ್ವಲಾ

ಐಗಳಿ
9 ಜೂನ್ 2024

ಉಜ್ವಲಾಗೆ,

ಕಾಗದ ತಲುಪಿತು. ಓದಿ ಸಿಟ್ಟು ಬಂದಿತ್ತು. ನಿನ್ನ ಮೇಲೋ ಬೇರೆ ಯಾರ ಮೇಲೋ ತಿಳಿಯಲಿಲ್ಲ. ಬೇಲಿ ಹಾರಿದ ಆ ಆಡನ್ನು ಕಾಡಸಿದ್ದ ಮಾರಲು ಅಥಣಿ ಸಂತೆಗೆ ಹೊಡೆದುಕೊಂಡು ಹೋದ. ನಾನು ಬೇಡವೆನ್ನಲಿಲ್ಲ.

ಕಾರ್ಯಕ್ರಮ ನಿಂತಿದೆ ಎಂದು ಓಣಿಯ ಮಕ್ಕಳಿಗೆ ಗೊತ್ತಿಲ್ಲ. ಐದಕ್ಕೆ ಇನ್ನೂ ಬರುತ್ತಾರೆ. ರಾಜೇಶ್ವರಿ ತನ್ನ ತಂಗಿಯನ್ನು ಟೊಂಕದ ಮೇಲೆ ಎತ್ತಿಕೊಂಡು ಬರುತ್ತಾಳೆ. ಟಿ.ವಿ. ಹಚ್ಚಿದರೆ ಬೇರೆ ಏನೋ ಓಡುತ್ತಿರುತ್ತದೆ. ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಿನ್ನೆ ರಾಜೇಶ್ವರಿ, "ಆಯೀ, ಆಡವ್ವ ಸತ್ತಳೇನ?" ಎಂದು ಕೇಳಿದಳು. ಇಲ್ಲವೆಂದು ಕೈಯಾಡಿಸಿದೆ. "ಮತ್ತ ಎಲ್ಲಿ ಹೋದಳ?" ಎಂದಳು. ಅದಕ್ಕೆ ಸನ್ನೆ ಇಲ್ಲ, ಉಜ್ವಲಾ. ಪಾಟಿಯ ಮೇಲೆ ಬಳಪದಿಂದ ಬರೆದರೆ ಅವಳಿಗೆ ಓದಲು ಬರುವುದಿಲ್ಲ.

ನಿಪ್ಪಾಣಿಯಿಂದ ಅಥಣಿಗೆ ಬಸ್ಸಿದೆ. ಅಲ್ಲಿಂದ ಐಗಳಿ ದೂರವಲ್ಲ. ಗೊಂಬೆ ಇಲ್ಲದಿದ್ದರೆ ಬೇಡ. ಬಂದು, ಐದು ಗಂಟೆಗೆ ಅವರ ಮುಂದೆ ಕೂತು, ಆಡವ್ವ ಎಲ್ಲಿಗೆ ಹೋದಳೆಂದು ಹೇಳು. ಯಾರ ದನಿಯಲ್ಲಿ ಹೇಳುತ್ತೀಯೋ ಹೇಳು. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಮಲಕವ್ವಕ್ಕ